ರಕ್ತ ಅವಳದ್ದಲ್ಲ, ಆದರೂ ಜೆರ್ಸಿ ಯಾಕೆ ಬದಲಿಸಬೇಕು?

ಓದುಗರ ಪ್ರಶ್ನೆ: ನಾವು ಶಿವಮೊಗ್ಗದವರು, ಈಗ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದೇವೆ. ಮಗಳು ಹತ್ತನೇ ಕ್ಲಾಸು, ಶಾಲೆಯ ಜೂನಿಯರ್ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಾಳೆ. ಹೋದ ವಾರ ರಿಬೌಂಡ್‌ಗೆ ಹಾರುವಾಗ ಎದುರು ತಂಡದ ಹುಡುಗಿಯ ಮೂಗಿಗೆ ಏಟು ಬಿದ್ದು ರಕ್ತ ಬಂತು. ನಾಲ್ಕೈದು ಹನಿ ನನ್ನ ಮಗಳ ಬಿಳಿ ಜೆರ್ಸಿ ಮೇಲೆ ಬಿತ್ತು. ಇವಳಿಗೆ ಒಂದು ಗೀರೂ ಆಗಿರಲಿಲ್ಲ. ಆದರೂ ರೆಫರಿ ಇಬ್ಬರನ್ನೂ ಹೊರಗೆ ಕಳಿಸಿದರು. ಕೋಚ್ ಬ್ಯಾಗಿನಿಂದ ಬೇರೆ ನಂಬರಿನ ಜೆರ್ಸಿ ತೆಗೆದುಕೊಟ್ಟರು. ಗೆಳತಿಯರು ಟವೆಲ್ ಅಡ್ಡ ಹಿಡಿದರು, ಇವಳು ಬೆಂಚಿನ ಹಿಂದೆಯೇ ಬದಲಿಸಿದಳು. ಒಳಗೆ ಟೀ ಶರ್ಟ್ ಕೂಡ ಇತ್ತು. ಆದರೂ ಟೆಕ್ನಿಕಲ್ ಫೌಲ್, ಅಂದರೆ ಡಿಕ್ಕಿಗಲ್ಲ, ನಿಯಮ ಮುರಿದದ್ದಕ್ಕೆ ಹಾಕುವ ದಂಡ! ಅವರಿಗೆ ಎರಡು ಫ್ರೀ ಥ್ರೋ, ಮೇಲೆ ಬಾಲ್. ನಮ್ಮ ಕೋಚ್ ಉಳಿದ ಆಟವೆಲ್ಲ ಕೂತೇ ಇರಬೇಕಾಯಿತು. ಮೂರು ಪಾಯಿಂಟಿಗೆ ಸೋತರು. ಊರಿಂದ ಬಂದಿದ್ದ ನಮ್ಮಮ್ಮ ಪಕ್ಕದಲ್ಲಿ ಕೂತು "ಒಂದು ತೊಟ್ಟು ರಕ್ತಕ್ಕೆ ಇಷ್ಟೊಂದು ರಂಪವಾ" ಅಂದರು. ಹಿಂದೆ ಕೂತಿದ್ದ ಇನ್ನೊಬ್ಬರು "ಆ ಹುಡುಗಿಗೆ ಏನು ಕಾಯಿಲೆಯೋ, ನಿಮ್ಮ ಮಗಳಿಗೆ ಟೆಸ್ಟ್ ಮಾಡಿಸಿ" ಅಂದರು, ಅದು ತಲೆಯಲ್ಲೇ ಕೂತಿದೆ. ಮೈಸೂರಿನಲ್ಲಿ ಆಡುವ ಅಣ್ಣನ ಮಗನನ್ನು ಕೇಳಿದರೆ "ಅತ್ತೆ, ಇಲ್ಲಿ ಅದೆಲ್ಲ ಇಲ್ಲ, ನೀರು ಹಾಕಿ ಉಜ್ಜಿ ಆಡ್ತೀವಿ" ಅಂತಾನೆ. ಯಾವುದು ಸರಿ? ಅವಳ ಜೆರ್ಸಿ ಕಲೆ ಇನ್ನೂ ಹೋಗಿಲ್ಲ, ಮುಂದಿನ ಶುಕ್ರವಾರ ಮತ್ತೆ ಪಂದ್ಯ ಇದೆ.

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿರೋದು ನಿಯಮದ ಬಗ್ಗೆ, ಆದರೆ ಒಳಗೆ ಎರಡು ಸಂಕಟ ಇವೆ ಅನ್ನಿಸಿತು. ತಪ್ಪೇ ಮಾಡದ ಮಗಳನ್ನು ಎಲ್ಲರೆದುರು ತಪ್ಪಿತಸ್ಥಳ ಹಾಗೆ ನಿಲ್ಲಿಸಿಬಿಟ್ಟರಲ್ಲ ಅನ್ನೋದು ಒಂದು. ಆ ನಾಲ್ಕು ಹನಿಯಿಂದ ಏನಾದರೂ ಅಂಟಿಕೊಂಡುಬಿಟ್ಟರೆ ಅನ್ನೋದು ಇನ್ನೊಂದು.

ನಾನು ಮೊದಲು ಕರ್ನಾಟಕದಲ್ಲಿ ಸೀಟಿ ಊದಿದವನು, ಕೆಲವು ವರ್ಷದಿಂದ ಅಮೆರಿಕದಲ್ಲಿ ಹೈಸ್ಕೂಲ್ ಪಂದ್ಯಗಳಿಗೆ ರೆಫರಿ ಆಗಿ ಹೋಗುತ್ತೇನೆ. ಹಾಗಾಗಿ ನಿಮ್ಮ ಅಣ್ಣನ ಮಗನ ಕೋರ್ಟೂ ಗೊತ್ತು, ನಿಮ್ಮ ಮಗಳ ಕೋರ್ಟೂ ಗೊತ್ತು. ಮೊದಲೇ ಹೇಳಿಬಿಡುತ್ತೇನೆ. ಅವಳನ್ನು ಹೊರಗೆ ಕಳಿಸಿದ್ದು ಸರಿ. ಬೇರೆ ನಂಬರಿನ ಜೆರ್ಸಿಗೆ ಬಿಟ್ಟದ್ದು ಸರಿ. ಟೆಕ್ನಿಕಲ್ ಕೂಡ, ಹೊಟ್ಟೆ ಎಷ್ಟೇ ಉರಿದರೂ, ಪುಸ್ತಕದ ಪ್ರಕಾರ ಸರಿ. ಆದರೆ ಆ ಟೆಕ್ನಿಕಲ್ ಬೀಳದ ಹಾಗೆ ನೋಡಿಕೊಳ್ಳೋಕೆ ಅಲ್ಲಿದ್ದ ದೊಡ್ಡವರಿಗೆ ಬೇಕಾದಷ್ಟು ಸಮಯ ಇತ್ತು. ರೆಫರಿ ಒಂದು ಮಾತು ಹೇಳಬಹುದಿತ್ತು, ಕೋಚ್‌ಗೆ ಗೊತ್ತಿರಬೇಕಿತ್ತು. ನಿಮ್ಮ ಮಗಳದ್ದು ಮಾತ್ರ ಏನೂ ತಪ್ಪಿಲ್ಲ, ಅವಳು ಕೊಟ್ಟ ಜೆರ್ಸಿ ಹಾಕಿಕೊಂಡಳು, ಅಷ್ಟೇ.

ಈಗ ರಕ್ತದ ವಿಷಯ. ಅಮೆರಿಕದ ಹೈಸ್ಕೂಲ್ ಆಟಗಳಿಗೆ ನಿಯಮ ಬರೆಯೋದು ಎನ್‌ಎಫ್‌ಎಚ್‌ಎಸ್ ಅನ್ನೋ ರಾಷ್ಟ್ರೀಯ ಸಂಸ್ಥೆ. ಅದರ ಬಾಸ್ಕೆಟ್‌ಬಾಲ್ ಪುಸ್ತಕದ ಮೂರನೇ ನಿಯಮದಲ್ಲಿ ಇದು ಬರುತ್ತದೆ. ರಕ್ತ ಸುರಿಯುತ್ತಿರುವ ಆಟಗಾರ, ತೆರೆದ ಗಾಯ ಇರುವ ಆಟಗಾರ, ಮೈಮೇಲೆ ರಕ್ತ ಇರುವ ಆಟಗಾರ, ಯೂನಿಫಾರ್ಮ್ ಮೇಲೆ ಎಷ್ಟೇ ಆಗಲಿ ರಕ್ತ ಇರುವ ಆಟಗಾರ, ಇಷ್ಟೂ ಜನ ಹೊರಗೆ ಹೋಗಬೇಕು. ರಕ್ತ ನಿಂತು, ಗಾಯ ಮುಚ್ಚಿ, ಬಟ್ಟೆ ಸ್ವಚ್ಛ ಮಾಡಿ ಅಥವಾ ಬದಲಿಸಿಕೊಂಡು ವಾಪಸ್ ಬರಬಹುದು. ಇದರಲ್ಲಿ ಎಲ್ಲಾದರೂ "ಯಾರ ರಕ್ತ" ಅನ್ನೋ ಪ್ರಶ್ನೆ ಇದೆಯಾ? ಇಲ್ಲ. ಬೇಕಂತಲೇ ಇಲ್ಲ. ರಕ್ತ ನೋಡಿ ಅದು ಯಾರದ್ದು, ಅದರಲ್ಲಿ ಏನಿದೆ ಅಂತ ಹೇಳೋಕೆ ರೆಫರಿಗೆ ಬರೋದಿಲ್ಲ. ಕೇಳೋಕೂ ಹೋಗಬಾರದು. ಕೇಳಲು ಶುರು ಮಾಡಿದರೆ ಮುಂದಿನ ಪ್ರಶ್ನೆ "ಆ ಹುಡುಗಿಗೆ ಏನಾದರೂ ಇದೆಯಾ" ಅಂತಲೇ ಬರುತ್ತದೆ, ನಿಮ್ಮ ಹಿಂದೆ ಕೂತವರು ಕೇಳಿದ ಹಾಗೆ. ಎಲ್ಲರ ರಕ್ತವನ್ನೂ ಒಂದೇ ಥರ ನೋಡಿದರೆ ಯಾರ ಮೇಲೂ ಬೆರಳು ತೋರಿಸೋ ಹಾಗಿಲ್ಲ.

"ಎಷ್ಟೇ ಆಗಲಿ" ಅನ್ನೋ ಮಾತಿಗೂ ಒಂದು ಕಥೆ ಇದೆ. ಮೊದಲು ಆ ಜಾಗದಲ್ಲಿ "ಅತಿಯಾಗಿ ರಕ್ತ ಅಂಟಿದ" ಅಂತ ಇತ್ತು. ಅತಿ ಅಂದರೆ ಎಷ್ಟು? ಎರಡು ಹನಿಯಾ, ಅಂಗೈ ಅಗಲವಾ? ಒಬ್ಬ ರೆಫರಿ ಬಿಟ್ಟದ್ದನ್ನು ಇನ್ನೊಬ್ಬ ರೆಫರಿ ಬಿಡುತ್ತಿರಲಿಲ್ಲ, ಕೋಚ್‌ಗಳು ಕೋರ್ಟ್ ಪಕ್ಕ ನಿಂತು ಹನಿ ಎಣಿಸೋರು. ಈಗಿನ ಮಾತು ಒರಟು, ಆದರೆ ವಾದಕ್ಕೆ ಜಾಗ ಇಲ್ಲ. ನಿಮ್ಮಮ್ಮನಿಗೆ ಹೇಳಿ, ಒಂದು ತೊಟ್ಟಿಗೂ ರಂಪ ಮಾಡಬೇಕು ಅಂತಲೇ ಈಗ ಬರೆದಿದ್ದಾರೆ.

ಇಷ್ಟೊಂದು ಹೆದರಿಕೆ ಎಲ್ಲಿಂದ ಬಂತು ಅಂತ ಕೇಳಿದರೆ 1991ಕ್ಕೆ ಹೋಗಬೇಕು. ಆ ವರ್ಷ ನವೆಂಬರ್ 7ರಂದು ಲಾಸ್ ಏಂಜಲೀಸ್ ಲೇಕರ್ಸ್ ಬಾಸ್ಕೆಟ್‌ಬಾಲ್ ತಂಡದ ದೊಡ್ಡ ಆಟಗಾರ ಮ್ಯಾಜಿಕ್ ಜಾನ್ಸನ್ ತಮಗೆ ಎಚ್‌ಐವಿ ಇದೆ ಅಂತ ಹೇಳಿ ಆಟ ಬಿಟ್ಟರು. ಮುಂದಿನ ವರ್ಷ ಆಲ್ ಸ್ಟಾರ್ ಪಂದ್ಯ ಆಡಿದರು, ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು, ಸರಿ ಮತ್ತೆ ಲೀಗ್ ಆಡ್ತೀನಿ ಅಂತ ಬಂದರು. ಅಕ್ಟೋಬರ್ 30, 1992. ಸೀಸನ್‌ಗೆ ಮುಂಚಿನ ಅಭ್ಯಾಸ ಪಂದ್ಯ, ಎದುರಾಳಿ ಕ್ಲೀವ್‌ಲ್ಯಾಂಡ್. ನಡೆದದ್ದು ಎಲ್ಲಿ ಅಂದುಕೊಂಡಿರಿ? ನಿಮ್ಮ ನಾರ್ತ್ ಕೆರೊಲಿನಾದ ಚಾಪೆಲ್ ಹಿಲ್‌ನಲ್ಲೇ. ಆಟದ ಮಧ್ಯೆ ಮ್ಯಾಜಿಕ್ ಮುಂಗೈ ಮೇಲೆ ಸಣ್ಣ ಗೀರು, ಉಗುರು ತಾಗಿದಷ್ಟು. ಇಡೀ ಕ್ರೀಡಾಂಗಣ ಅದನ್ನೇ ನೋಡುತ್ತಿತ್ತು. ತಂಡದ ಟ್ರೇನರ್ ಗ್ಯಾರಿ ವಿಟ್ಟಿ ಕೈಗವಸು ಹಾಕದೆಯೇ ಬ್ಯಾಂಡೇಜ್ ಕಟ್ಟಿದರು. ನನಗೆ ಭಯ ಇಲ್ಲ ಅಂತ ತೋರಿಸೋಕೆ ಬೇಕೆಂದೇ ಹಾಗೆ ಮಾಡಿದರು. ಆದರೂ ಆಟಗಾರರಲ್ಲೇ ಅಂಜಿಕೆ ಇತ್ತು, ಎದುರಾಳಿ ತಂಡವೊಂದರ ಹೆಸರಾಂತ ಆಟಗಾರ ಕಾರ್ಲ್ ಮಲೋನ್ ಅದನ್ನು ಬಹಿರಂಗವಾಗಿಯೇ ಹೇಳಿದರು. ನವೆಂಬರ್ 2ರಂದು ಮ್ಯಾಜಿಕ್ ಮತ್ತೆ ನಿವೃತ್ತಿ. ಆಮೇಲೆ ವಾಪಸ್ ಬಂದದ್ದು 1996ರಲ್ಲಿ, ಅಷ್ಟರಲ್ಲಿ ಜನರ ತಿಳುವಳಿಕೆ ಬದಲಾಗಿತ್ತು.

ಅದೇ ಸಮಯಕ್ಕೆ, 1991ರ ಡಿಸೆಂಬರ್‌ನಲ್ಲಿ, ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಆಸ್ಪತ್ರೆ ಮುಂತಾದ ಕಡೆ ಕೆಲಸ ಮಾಡುವವರಿಗಾಗಿ ಒಂದು ಕಟ್ಟುನಿಟ್ಟಿನ ನಿಯಮ ತಂದಿತು. ಯಾರ ರಕ್ತವೇ ಆಗಲಿ ಸೋಂಕು ಇದೆ ಅಂತಲೇ ಭಾವಿಸಿ ಕೆಲಸ ಮಾಡಿ ಅನ್ನೋದು ಅದರ ತಿರುಳು. ಆ ಯೋಚನೆ ಆಸ್ಪತ್ರೆಯಿಂದ ಶಾಲೆಯ ಜಿಮ್‌ಗೆ ಬಂದು, ಅಲ್ಲಿಂದ ನಮ್ಮ ನಿಯಮ ಪುಸ್ತಕಕ್ಕೆ ಬಂತು. ನಿಮ್ಮ ಮಗಳು ಹುಟ್ಟೋದಕ್ಕೆ ಎಷ್ಟೋ ವರ್ಷ ಮುಂಚಿನ ಭಯ ಅವಳ ಜೆರ್ಸಿ ಬಿಚ್ಚಿಸಿತು ಅಂತ ಬೇಕಾದರೆ ಅನ್ನಬಹುದು.

ಹಾಗಾದರೆ ಭಯ ಸುಳ್ಳಾ? ಎಚ್‌ಐವಿ ಮಟ್ಟಿಗೆ ಬಹುಪಾಲು ಹೌದು. ಅಮೆರಿಕನ್ ಫುಟ್‌ಬಾಲ್ ಗೊತ್ತಲ್ಲ, ಬಾಸ್ಕೆಟ್‌ಬಾಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಡಿಕ್ಕಿ ಇರುವ ಆಟ. ಅಲ್ಲಿನ ವೃತ್ತಿಪರ ಪಂದ್ಯಗಳ ರಕ್ತಗಾಯ ಲೆಕ್ಕ ಹಾಕಿ 1995ರಲ್ಲಿ ಒಂದು ಅಂದಾಜು ಪ್ರಕಟವಾಯಿತು. ಎಚ್‌ಐವಿ ಹರಡುವ ಸಾಧ್ಯತೆ 8.5 ಕೋಟಿ ಡಿಕ್ಕಿಗಳಿಗೆ ಒಂದಕ್ಕಿಂತ ಕಡಿಮೆ ಅಂತ. ಹೆಪಟೈಟಿಸ್ ಬಿ ಸ್ವಲ್ಪ ಬೇರೆ. ಆ ವೈರಸ್ ಗಟ್ಟಿ ಪಿಂಡ, ಒಣಗಿದ ಮೇಲೂ ಏಳು ದಿನ ಬದುಕಿರಬಲ್ಲದು. ಜಪಾನ್‌ನಲ್ಲಿ ಸುಮೋ ಕುಸ್ತಿ ಹುಡುಗರ ನಡುವೆ, ಅಲ್ಲಿನ ಒಂದು ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಇದು ಹರಡಿದ್ದು ದಾಖಲಾಗಿದೆ. ಅಂದರೆ ನಿಯಮ ಸುಮ್ನೆ ಅಲ್ಲ. ಆದರೆ ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಅಮೆರಿಕದಲ್ಲಿ 1991ರಿಂದಲೇ ಎಲ್ಲಾ ಶಿಶುಗಳಿಗೂ ಅದನ್ನು ಶಿಫಾರಸು ಮಾಡುತ್ತಾ ಬಂದರು.

ನಾನು ಡಾಕ್ಟರ್ ಅಲ್ಲ, ರೆಫರಿಗಳಿಗೆ ಕೊಡುವ ತರಬೇತಿಯಲ್ಲಿ ಕಲಿತದ್ದು ಹೇಳುತ್ತೇನೆ. ಬಟ್ಟೆ ಮೇಲೆ ಬಿದ್ದ ರಕ್ತ, ಗಾಯ ಇಲ್ಲದ ಚರ್ಮದ ಮೇಲೆ ಬಿದ್ದ ರಕ್ತ, ಇದರಿಂದ ಏನೂ ಅಂಟೋದಿಲ್ಲ. ಸೋಪು ನೀರಲ್ಲಿ ತೊಳೆದರೆ ಮುಗಿಯಿತು. ಹಸಿ ಗಾಯದ ಒಳಗೆ, ಕಣ್ಣಿಗೆ ಅಥವಾ ಬಾಯಿಗೆ ಹೋಗಿದ್ದರೆ ಮಾತ್ರ ಚೆನ್ನಾಗಿ ತೊಳೆದು ಅದೇ ದಿನ ಡಾಕ್ಟರ್ ಹತ್ತಿರ ಹೋಗಬೇಕು, ಯಾಕೆಂದರೆ ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ 72 ಗಂಟೆಯೊಳಗೆ ಶುರು ಮಾಡಬೇಕು. ನಿಮ್ಮ ಮಗಳಿಗೆ ಗೀರೂ ಆಗಿರಲಿಲ್ಲ ಅಂತ ನೀವೇ ಬರೆದಿದ್ದೀರಿ. ಅವಳ ಲಸಿಕೆ ಕಾರ್ಡ್ ತೆಗೆದು ಹೆಪಟೈಟಿಸ್ ಬಿ ಪೂರ್ತಿ ಆಗಿದೆಯಾ ನೋಡಿ. ಆಗಿದ್ದರೆ ಹಿಂದೆ ಕೂತವರ ಮಾತನ್ನು ಅಲ್ಲೇ ಬಿಟ್ಟುಬಿಡಿ. ಇನ್ನೂ ಮನಸ್ಸಿಗೆ ಸಮಾಧಾನ ಇಲ್ಲ ಅಂದರೆ ಮಗಳ ಡಾಕ್ಟರನ್ನೇ ಒಂದು ಮಾತು ಕೇಳಿ, ಅದರಲ್ಲಿ ತಪ್ಪೇನಿಲ್ಲ. ಆ ಹುಡುಗಿಯ ಮನೆಯವರನ್ನು ಮಾತ್ರ ಕೇಳಬೇಡಿ. ಮೂಗಿಗೆ ಏಟು ತಿಂದವಳು ಅವಳು.

ಇನ್ನು ಆಟಕ್ಕೆ ಬರೋಣ. ಹೊರಗೆ ಹೋಗು ಅಂದಮೇಲೆ ಏನೇನು ಆಗಬೇಕಿತ್ತು?

ನಿಮ್ಮ ಕೋಚ್‌ಗೆ ಎರಡು ದಾರಿ ಇತ್ತು. ಬದಲಿ ಆಟಗಾರ್ತಿಯನ್ನು ಕಳಿಸೋದು ಒಂದು. ಹಾಗೆ ಮಾಡಿದರೆ ನಿಮ್ಮ ಮಗಳು ಗಡಿಯಾರ ಮತ್ತೆ ಓಡಿ, ಅದಾದ ಮೇಲೆ ಬರುವ ಬದಲಾವಣೆಯ ಅವಕಾಶದಲ್ಲೇ ಒಳಗೆ ಬರಬಹುದು, ಅದಕ್ಕೆ ಮುಂಚೆ ಆಗೋದಿಲ್ಲ. ಅಷ್ಟು ಹೊತ್ತು ಇದೆ ಅಂದರೆ ಲಾಕರ್ ರೂಮಿಗೆ ಹೋಗಿ ಆರಾಮಾಗಿ ಬಟ್ಟೆ ಬದಲಿಸಬಹುದು, ಆತುರ ಯಾಕೆ? ಇನ್ನೊಂದು ದಾರಿ ಟೈಮ್ ಔಟ್. ತಂಡ ಟೈಮ್ ಔಟ್ ಕೇಳಿ, ಅದು ಮುಗಿಯುವಷ್ಟರಲ್ಲಿ ಎಲ್ಲ ಸರಿ ಮಾಡಿಕೊಂಡರೆ ಅದೇ ಆಟಗಾರ್ತಿ ಆಡುತ್ತಲೇ ಇರಬಹುದು. ಹೈಸ್ಕೂಲ್‌ನಲ್ಲಿ ಒಂದು ಪಂದ್ಯಕ್ಕೆ 60 ಸೆಕೆಂಡಿನ ಮೂರು, 30 ಸೆಕೆಂಡಿನ ಎರಡು ಟೈಮ್ ಔಟ್ ಇರುತ್ತವೆ. ಗಲ್ಲದ ಮೇಲಿನ ಹನಿ ಒರೆಸೋಕೆ 30 ಸೆಕೆಂಡ್ ಧಾರಾಳ. ಜೆರ್ಸಿ ಬದಲಿಸೋಕೆ 60 ಕೂಡ ಕಷ್ಟ, ಲಾಕರ್ ರೂಮ್ ಯಾವಾಗಲೂ ಜಿಮ್‌ನ ಆ ತುದಿಯಲ್ಲೇ ಇರುತ್ತದೆ, ಇದೊಂದು ಎಲ್ಲಾ ಶಾಲೆಯಲ್ಲೂ ಒಂದೇ. ಇನ್ನೊಂದು ವಿಷಯ, ಎದುರು ತಂಡ ತಮ್ಮ ಹುಡುಗಿಗಾಗಿ ಕೇಳಿದ ಟೈಮ್ ಔಟ್ ನಿಮ್ಮ ಮಗಳನ್ನು ಉಳಿಸೋದಿಲ್ಲ. ಅವರವರ ಟೈಮ್ ಔಟ್ ಅವರವರಿಗೆ.

ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಇದು ಬೇರೆ ಥರ. ಅಲ್ಲಿ ರಕ್ತ ಕಂಡರೆ ಸರಿಯಾದ ಹೊತ್ತು ನೋಡಿ ಆಟ ನಿಲ್ಲಿಸಿ, ಚಿಕಿತ್ಸೆಗೆ ಹೆಚ್ಚೆಂದರೆ 30 ಸೆಕೆಂಡ್ ಕೊಡುತ್ತಾರೆ. ಆಗಲಿಲ್ಲ ಅಂದರೆ ಬದಲಿ ಆಟಗಾರ ಅಥವಾ ಟೈಮ್ ಔಟ್, ಕೋಚ್ ಆಯ್ಕೆ. ಗಾಯದ ಮೇಲೆ ಬೆವರು ಒರೆಸುವ ರಿಸ್ಟ್ ಬ್ಯಾಂಡ್ ಎಳೆದುಕೊಂಡು ಮುಚ್ಚಿದೆ ಅಂದರೆ ಒಪ್ಪೋದಿಲ್ಲ, ಹಾಗಂತಲೇ ಪುಸ್ತಕದಲ್ಲಿ ಬರೆದಿದ್ದಾರೆ. ಟಿವಿಯಲ್ಲಿ ಅದನ್ನು ನೋಡಿದ ಅಪ್ಪಂದಿರು ಶಾಲೆ ಪಂದ್ಯದಲ್ಲಿ "ಮೂವತ್ತು ಸೆಕೆಂಡ್ ಕೊಡಿ" ಅಂತ ಕೂಗುತ್ತಾರೆ. ಶಾಲೆಯ ಪುಸ್ತಕದಲ್ಲಿ ಆ ಮೂವತ್ತು ಸೆಕೆಂಡ್ ಇಲ್ಲ.

ನಂಬರ್ ವಿಷಯಕ್ಕೆ ಬಂದರೆ, ಬಹಳ ಜನ ಟೆಕ್ನಿಕಲ್ ಬಿದ್ದದ್ದು ನಂಬರ್ ಬದಲಾಗಿದ್ದಕ್ಕೆ ಅಂದುಕೊಳ್ಳುತ್ತಾರೆ. ಅಲ್ಲ. ಮಾಮೂಲಿನಲ್ಲಿ ಪಂದ್ಯಕ್ಕೆ 10 ನಿಮಿಷ ಇರುವಾಗಲೇ ಸ್ಕೋರ್ ಪುಸ್ತಕದ ನಂಬರ್‌ಗಳು ಗಟ್ಟಿಯಾಗಿಬಿಡುತ್ತವೆ, ಆಮೇಲೆ ತಿದ್ದಿದರೆ ತಂಡದ ಮೇಲೆ ಟೆಕ್ನಿಕಲ್. ಆದರೆ ರಕ್ತದ ಕಾರಣಕ್ಕೆ ಜೆರ್ಸಿ ಬದಲಾಗಿ ನಂಬರ್ ಬದಲಾದರೆ ಅದಕ್ಕೆ ದಂಡ ಇಲ್ಲ. ಸ್ಕೋರರ್‌ಗೆ ಹೇಳಬೇಕು, ಎದುರು ಕೋಚ್‌ಗೆ ತಿಳಿಸಬೇಕು, ಹಳೇ ನಂಬರಿನಲ್ಲಿದ್ದ ಫೌಲ್, ಪಾಯಿಂಟ್ ಎಲ್ಲ ಹೊಸ ನಂಬರಿಗೆ ಅಂಟಿಕೊಂಡು ಬರುತ್ತವೆ. ಐದು ಫೌಲ್ ಆದರೆ ಆಟದಿಂದಲೇ ಔಟ್, ಹಾಗಾಗಿ ಮೂರು ಫೌಲ್ ಆದವಳು ಹೊಸ ಜೆರ್ಸಿ ಹಾಕಿಕೊಂಡು ಸೊನ್ನೆಯಿಂದ ಶುರು ಮಾಡೋ ಹಾಗಿಲ್ಲ! ದೊಡ್ಡವರಿಗೂ ಇದು ಆಗಿದೆ. 1990ರ ಫೆಬ್ರವರಿ 14ರಂದು ಒರ್ಲ್ಯಾಂಡೋದಲ್ಲಿ ಮೈಕಲ್ ಜೋರ್ಡನ್ ಅವರ 23ನೇ ನಂಬರಿನ ಜೆರ್ಸಿ ಪಂದ್ಯಕ್ಕೆ ಮುಂಚೆ ಕಳ್ಳತನ ಆಯಿತು. ರಕ್ತ ಅಲ್ಲ, ಕಳ್ಳ. ತಂಡದ ಪೆಟ್ಟಿಗೆಯಲ್ಲಿ ಹೆಸರಿಲ್ಲದ 12ನೇ ನಂಬರಿನ ಒಂದು ಹೆಚ್ಚುವರಿ ಜೆರ್ಸಿ ಇತ್ತು, ಅದನ್ನೇ ಹಾಕಿಕೊಂಡು 49 ಪಾಯಿಂಟ್ ಹೊಡೆದರು. ಆ ಹೆಸರಿಲ್ಲದ ಜೆರ್ಸಿ ಪೆಟ್ಟಿಗೆಯಲ್ಲಿ ಇತ್ತಲ್ಲ, ಅದು ಮುಖ್ಯ. ಯಾರ ಹೆಸರಿನಲ್ಲೂ ಇಲ್ಲದ ನಂಬರ್ ಅದು.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. ಊರಲ್ಲಿದ್ದಾಗ ಒಂದು ತಾಲ್ಲೂಕು ಮಟ್ಟದ ಟೂರ್ನಮೆಂಟಿನಲ್ಲಿ ಹುಡುಗನೊಬ್ಬನ ಹುಬ್ಬು ಒಡೆಯಿತು, ಜೆರ್ಸಿ ತುಂಬ ರಕ್ತ. ಹೆಚ್ಚುವರಿ ಜೆರ್ಸಿ ಎಲ್ಲಿಂದ ಬರಬೇಕು, ಇದ್ದದ್ದೇ ಹತ್ತು. ಬೆಂಚಿನಲ್ಲಿ ಕೂತಿದ್ದವನ ಅಂಗಿ ಬಿಚ್ಚಿಸಿ ಇವನಿಗೆ ಹಾಕಿದರು. ಸ್ಕೋರರ್ ಊಟಕ್ಕೆ ಎದ್ದು ಹೋಗಿ ಬೇರೆಯವರು ಕೂತಿದ್ದರು, ಅವರಿಗೆ ಈ ವಿಷಯ ಗೊತ್ತಿಲ್ಲ. ಇವನು ಹೊಡೆದ ಪಾಯಿಂಟೆಲ್ಲ ಬೆಂಚಿನಲ್ಲಿ ಬನಿಯನ್ ಮೇಲೆ ಕೂತಿದ್ದವನ ಹೆಸರಿಗೆ ಹೋಯಿತು, ಇವನ ಐದನೇ ಫೌಲೂ ಅವನಿಗೇ ಬಿತ್ತು. ಐದು ಫೌಲ್ ಆದವನು ಕೋರ್ಟಲ್ಲೇ ಓಡಾಡುತ್ತಿದ್ದ, ಆಡದೇ ಇದ್ದವನು ಔಟ್ ಆಗೋದರಲ್ಲಿದ್ದ. ಬಿಡಿಸೋಕೆ ಇಪ್ಪತ್ತು ನಿಮಿಷ ಬೇಕಾಯಿತು. ಸೀಟಿ ನನ್ನ ಕೈಯಲ್ಲೇ ಇತ್ತು, ನಾನೇ ಟೇಬಲ್‌ಗೆ, ಅಂದರೆ ಸ್ಕೋರ್ ಬರೆಯುವವರು ಕೂರುವ ಮೇಜಿಗೆ, ಸರಿಯಾಗಿ ಹೇಳಿರಲಿಲ್ಲ.

ಈಗ ಆ ಟೆಕ್ನಿಕಲ್. ಪುಸ್ತಕದಲ್ಲಿ ಇನ್ನೊಂದು ಕಡೆ ಒಂದು ಸಾಲು ಇದೆ, ಆಟದ ಜಾಗ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಜೆರ್ಸಿಯನ್ನಾಗಲಿ ಚಡ್ಡಿಯನ್ನಾಗಲಿ ಬಿಚ್ಚಬಾರದು ಅಂತ. ಇದು ಹುಟ್ಟಿದ್ದು ರಕ್ತಕ್ಕಲ್ಲ. ಐದನೇ ಫೌಲ್ ಬಿದ್ದ ಸಿಟ್ಟಿಗೆ ಜೆರ್ಸಿ ಕಿತ್ತು ನೆಲಕ್ಕೆ ಎಸೆಯೋರು, ಗೆದ್ದ ಖುಷಿಗೆ ಬಿಚ್ಚಿ ತಲೆ ಮೇಲೆ ತಿರುಗಿಸೋರು, ಅದನ್ನು ನಿಲ್ಲಿಸೋಕೆ. ಆದರೆ ಬರೆಯುವಾಗ ಕಾರಣಕ್ಕೆ ವಿನಾಯಿತಿ ಇಡಲಿಲ್ಲ. ಟವೆಲ್ ಅಡ್ಡ ಹಿಡಿದರೂ, ಒಳಗೆ ಟೀ ಶರ್ಟ್ ಇದ್ದರೂ, ರೆಫರಿಯೇ "ಹೋಗಿ ಬದಲಿಸು" ಅಂದಿದ್ದರೂ ಬೆಂಚಿನ ಹತ್ತಿರ ಬಿಚ್ಚಿದರೆ ಟೆಕ್ನಿಕಲ್. ಬದಲಿ ಆಟಗಾರ್ತಿ ಒಳಗೆ ಹೋದ ಮೇಲೆ ನಿಮ್ಮ ಮಗಳು ಲೆಕ್ಕದಲ್ಲಿ ಬೆಂಚಿನವಳು. ಬೆಂಚಿನವರ ಟೆಕ್ನಿಕಲ್ ಕೋಚ್ ತಲೆಗೂ ಬರುತ್ತದೆ, ಅದಕ್ಕೇ ಅವರು ನಿಂತು ಆಡಿಸುವ ಹಕ್ಕು ಕಳೆದುಕೊಂಡು ಕೂತಿದ್ದು.

ನನ್ನ ಅಭಿಪ್ರಾಯ ಕೇಳಿದರೆ, ಆ ಸಾಲಿಗೆ ಒಂದು ವಿನಾಯಿತಿ ಇರಬೇಕಿತ್ತು. ನಾವೇ ಬಟ್ಟೆ ಬದಲಿಸು ಅಂದು, ಬದಲಿಸಿದ್ದಕ್ಕೆ ನಾವೇ ದಂಡ ಹಾಕೋದು ಯಾರಿಗೂ ಚೆಂದ ಕಾಣಲ್ಲ. ಹಾಗಂತ ಇಲ್ಲದ ವಿನಾಯಿತಿಯನ್ನು ರೆಫರಿ ಕೊಡೋಕೂ ಆಗಲ್ಲ, ಇವತ್ತು ಟವೆಲ್ ಹಿಂದೆ ಬಿಟ್ಟರೆ ನಾಳೆ ಎದುರು ಕೋಚ್ ಪುಸ್ತಕ ಹಿಡಿದು ಬರುತ್ತಾರೆ. ಹಾಗಾಗಿ ನಾನು ಮತ್ತು ನನ್ನ ಜೊತೆಯವರು ಮಾಡೋದು ಇಷ್ಟು. ರಕ್ತಕ್ಕೆ ಒಬ್ಬರನ್ನು ಹೊರಗೆ ಕಳಿಸುವಾಗ ಬೆಂಚಿನ ತನಕ ಜೊತೆಗೆ ನಡೆದು ಹೋಗಿ, "ಕೋಚ್, ಇಲ್ಲಿ ಬಿಚ್ಚೋ ಹಾಗಿಲ್ಲ, ಲಾಕರ್ ರೂಮಿಗೆ ಕಳಿಸಿ" ಅಂತ ಹೇಳುತ್ತೇವೆ. ಐದು ಸೆಕೆಂಡಿನ ಕೆಲಸ. ನಿಮ್ಮ ಪಂದ್ಯದಲ್ಲಿ ಯಾರೂ ಹೇಳಲಿಲ್ಲ ಅಂತ ಕಾಣುತ್ತದೆ. ಆ ರೆಫರಿ ನಿಯಮ ತಪ್ಪಲಿಲ್ಲ, ಆದರೆ ಒಳ್ಳೇ ರೆಫರಿ ಅಷ್ಟಕ್ಕೇ ನಿಲ್ಲೋದಿಲ್ಲ.

ದೂರು ಕೊಡಬಹುದಾ ಅಂತ ನೀವು ಕೇಳಿಲ್ಲ, ಮನಸ್ಸಲ್ಲಿ ಇರಬಹುದು. ಕೊಟ್ಟು ಪ್ರಯೋಜನ ಇಲ್ಲ. ನಿಯಮದ ಪ್ರಕಾರ ಸರಿ ಇರುವ ತೀರ್ಪಿನ ಮೇಲೆ ದೂರು ಕೊಟ್ಟರೆ ಮುಂದಿನ ಮೂರು ವರ್ಷ "ಆ ಅಮ್ಮ" ಅಂತ ಹೆಸರು ಬರುತ್ತದೆ, ಮುಜುಗರ ಮಗಳಿಗೆ.

ಮೈಸೂರಿನ ಕಥೆ ಬೇರೆ. ಅಲ್ಲಿ, ಅಂದರೆ ಭಾರತದಲ್ಲಿ ಎಲ್ಲಾ ಕಡೆ, ಆಟ ನಡೆಯೋದು ಫಿಬಾ, ಅಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮದಲ್ಲಿ. ಅದರ ಐದನೇ ಕಲಮು ಹೇಳೋದು ಇಷ್ಟು. ಆಟಗಾರನಿಗೆ ರಕ್ತ ಬರುತ್ತಿದ್ದರೆ ಅಥವಾ ತೆರೆದ ಗಾಯ ಇದ್ದರೆ ಅವನು ಹೊರಗೆ ಹೋಗಲೇಬೇಕು. ರಕ್ತ ನಿಂತು, ಗಾಯ ಪೂರ್ತಿಯಾಗಿ, ಭದ್ರವಾಗಿ ಮುಚ್ಚಿದ ಮೇಲೆ ವಾಪಸ್. ಜೆರ್ಸಿ ಮೇಲಿನ ರಕ್ತದ ಬಗ್ಗೆ ಆ ಕಲಮಿನಲ್ಲಿ ಮಾತೇ ಇಲ್ಲ. ಹಾಗಾಗಿ ನಿಮ್ಮ ಅಣ್ಣನ ಮಗ ಹೇಳಿದ್ದು ಅರ್ಧ ಸರಿ. ಇನ್ನೊಬ್ಬರ ರಕ್ತದ ನಾಲ್ಕು ಹನಿ ಅವನ ಅಂಗಿ ಮೇಲೆ ಬಿದ್ದರೆ ಕಲಮು ಅವನನ್ನು ಹೊರಗೆ ಹಾಕೋದಿಲ್ಲ. ಆದರೆ ಪುಸ್ತಕದಲ್ಲಿ ಬರೆಯದ ವಿಷಯವನ್ನು ತೀರ್ಮಾನಿಸುವ ಅಧಿಕಾರ ಕ್ರ್ಯೂ ಚೀಫ್‌ಗೆ, ಅಂದರೆ ಮುಖ್ಯ ರೆಫರಿಗೆ, ಫಿಬಾ ಕೊಟ್ಟಿದೆ. ಅಂಗಿ ಒದ್ದೆಯಾಗಿ ಮುಟ್ಟಿದವರಿಗೆ ಅಂಟುವ ಹಾಗಿದ್ದರೆ ನಾನು ಬದಲಿಸು ಅಂತಲೇ ಹೇಳುತ್ತಿದ್ದೆ. ನಂಬರ್ ಬದಲಾದರೆ ಸ್ಕೋರ್ ಶೀಟಿನಲ್ಲಿ ತಿದ್ದೋದು, ದಂಡ ಇಲ್ಲ. ಟೈಮ್ ಔಟ್ ವಿಷಯದಲ್ಲೂ ಫಿಬಾ ಸ್ವಲ್ಪ ಉದಾರಿ, ಟೈಮ್ ಔಟ್ ಯಾವ ತಂಡದ್ದೇ ಆಗಲಿ, ಬದಲಾವಣೆಗೆ ಟೇಬಲ್‌ನಿಂದ ಸದ್ದು ಬರುವ ಮುಂಚೆ ಸರಿಹೋದರೆ ಆಟಗಾರ ಮುಂದುವರಿಯಬಹುದು.

ಇನ್ನರ್ಧ ತಪ್ಪು. "ನೀರು ಹಾಕಿ ಉಜ್ಜಿ ಆಡ್ತೀವಿ" ಅನ್ನೋದು ತನ್ನದೇ ಮಂಡಿ ಗಾಯಕ್ಕೂ ಮಾಡುತ್ತಿದ್ದರೆ ಅದು ಫಿಬಾದಲ್ಲೂ ನಡೆಯಲ್ಲ. ನಾವು ಆಡಿದ್ದು ಸಿಮೆಂಟ್ ಕೋರ್ಟಿನಲ್ಲಿ. ಬಿದ್ದರೆ ಮಂಡಿ ಸಿಪ್ಪೆ ಸುಲಿದ ಹಾಗೆ ಹೋಗೋದು, ಯಾರೋ ಹೋಟೆಲಿಂದ ಕಾಫಿ ಪುಡಿ ತಂದು ಮೆತ್ತೋರು, ಇಲ್ಲ ಅರಿಶಿನ, ಆಮೇಲೆ ಓಡು ಅನ್ನೋರು. ಕಾಫಿ ಪುಡಿ ಮುಚ್ಚಿದ ಗಾಯ ಭದ್ರವಾಗಿ ಮುಚ್ಚಿದ ಗಾಯ ಅಲ್ಲ, ಬೆವರಿಗೆ ಕರಗಿ ಎದುರಿನವನ ಮೈಗೆ ಬಳಿಯುತ್ತದೆ. ಅವನಿಗೆ ಒಂದು ರೋಲ್ ಟೇಪು, ಗಾಯಕ್ಕೆ ಕಟ್ಟುವ ನಾಲ್ಕು ಗಾಜ್ ಬಟ್ಟೆ ಬ್ಯಾಗಿನಲ್ಲಿ ಇಟ್ಟುಕೊಳ್ಳೋಕೆ ಹೇಳಿ, ಎಷ್ಟೋ ಪಂದ್ಯದಲ್ಲಿ ಮೈದಾನದಲ್ಲಿ ಅದೇ ಇರಲ್ಲ.

ಇದನ್ನು ದುರುಪಯೋಗ ಮಾಡಲ್ವಾ ಅಂತ ಕೆಲವರು ಕೇಳುತ್ತಾರೆ. ರಗ್ಬಿಯಲ್ಲಿ ಮಾಡಿದರು. ಅಲ್ಲಿ ಬದಲಾವಣೆಗಳಿಗೆ ಮಿತಿ ಇದೆ, ಆದರೆ ರಕ್ತ ಬಂದರೆ ತಾತ್ಕಾಲಿಕ ಬದಲಿಗೆ ಅವಕಾಶ. 2009ರಲ್ಲಿ ಲಂಡನ್ನಿನ ಹಾರ್ಲೆಕ್ವಿನ್ಸ್ ತಂಡದ ಆಟಗಾರ ಬಾಯಲ್ಲಿ ನಕಲಿ ರಕ್ತದ ಗುಳಿಗೆ ಕಚ್ಚಿ ಹೊರಗೆ ನಡೆದ, ಅದು ದೊಡ್ಡ ಹಗರಣ ಆಯಿತು. ಬಾಸ್ಕೆಟ್‌ಬಾಲ್‌ನಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಹಾಗಾಗಿ ಆ ನಾಟಕ ಬೇಕಿಲ್ಲ. ಇಲ್ಲಿ ಉಲ್ಟಾ ಆಗುತ್ತದೆ. ಎದುರು ತಂಡದ ಒಳ್ಳೇ ಆಟಗಾರ್ತಿಯ ತೋಳಿನ ಹಳೇ ಗುಳ್ಳೆ ತೋರಿಸಿ "ರಕ್ತ, ರಕ್ತ" ಅಂತ ಕೂಗುವ ಕೋಚ್‌ಗಳಿದ್ದಾರೆ, ಅದೂ ಕೊನೆ ನಿಮಿಷದಲ್ಲಿ. ನಾವು ಹೋಗಿ ನೋಡುತ್ತೇವೆ. ಒಣಗಿದ ಹೆಪ್ಪಾದರೆ ಆಟ ಮುಂದುವರಿಯುತ್ತದೆ.

ಶುಕ್ರವಾರಕ್ಕೆ ಏನು ಮಾಡಬೇಕು ಅಂತ ಹೇಳುತ್ತೇನೆ. ಕೋಚ್ ಹತ್ತಿರ ಮಾತಾಡಿ, ತಂಡದ ಬ್ಯಾಗಿನಲ್ಲಿ ಬಿಳಿಯದು ಒಂದು, ಬಣ್ಣದ್ದು ಒಂದು, ಯಾರ ಹೆಸರಿಗೂ ಇಲ್ಲದ ನಂಬರಿನ ದೊಡ್ಡ ಸೈಜಿನ ಜೆರ್ಸಿ ಇರಲಿ. ದೊಡ್ಡದು ಸಣ್ಣವರಿಗೂ ಆಗುತ್ತದೆ, ಸಣ್ಣದು ದೊಡ್ಡವರಿಗೆ ಆಗಲ್ಲ. ನಂಬರಿನಲ್ಲಿ 5ಕ್ಕಿಂತ ದೊಡ್ಡ ಅಂಕಿ ಬೇಡ. ರೆಫರಿ ಬೆರಳಲ್ಲಿ ತೋರಿಸೋಕೆ ಆಗಬೇಕು ಅಂತ ಹೈಸ್ಕೂಲ್‌ನಲ್ಲಿ ಬಹಳ ಕಾಲದಿಂದ ಇರುವ ಪದ್ಧತಿ ಅದು. ಕಾಲೇಜಿನವರು 2023ರಲ್ಲಿ ಅದನ್ನು ಬಿಟ್ಟು 0ರಿಂದ 99ರ ತನಕ ಒಪ್ಪಿಕೊಂಡರು. ಮಗಳಿಗೆ ಒಂದೇ ಮಾತು ಹೇಳಿ, ಜೆರ್ಸಿ ಬದಲಿಸು ಅಂದರೆ ಯಾರು ಏನೇ ಅವಸರ ಮಾಡಲಿ, ಜಿಮ್‌ನ ಬಾಗಿಲು ದಾಟಿದ ಮೇಲೇ ಬಿಚ್ಚೋಕೆ ಕೈ ಎತ್ತಬೇಕು.

ಸಣ್ಣ ಹನಿಗೆ ಬದಲಿಸಲೇಬೇಕು ಅಂತಿಲ್ಲ, ಬಟ್ಟೆ ಮೈಮೇಲೆ ಇರುವಾಗಲೇ ಸ್ವಚ್ಛ ಮಾಡಿದರೂ ಸಾಕು. ಟ್ರೇನರ್‌ಗಳು ಬಳಸೋದು 3 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಗಾಜ್ ಬಟ್ಟೆಗೆ ಹಾಕಿ ಒತ್ತಿದರೆ ಬುಸಬುಸ ನೊರೆ ಬಂದು ರಕ್ತ ಎದ್ದು ಬರುತ್ತದೆ. ಊರಲ್ಲಿ ಮೆಡಿಕಲ್ ಶಾಪಲ್ಲಿ ಸಿಗೋದು ಸಾಮಾನ್ಯವಾಗಿ 6 ಪರ್ಸೆಂಟ್, ಅದಕ್ಕೆ ಅಷ್ಟೇ ನೀರು ಬೆರೆಸೋಕೆ ಅಣ್ಣನ ಮಗನಿಗೆ ತಿಳಿಸಿ. ನೆಲಕ್ಕೆ ಬಿದ್ದ ರಕ್ತಕ್ಕೆ ಮಾತ್ರ ಬ್ಲೀಚ್, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು. ಆ ಬ್ಲೀಚನ್ನು ಬಣ್ಣದ ಜೆರ್ಸಿ ಹತ್ತಿರ ತರಬೇಡಿ.

ಮನೆಯಲ್ಲಿರುವ ಆ ಜೆರ್ಸಿಗೂ ಇದೇ ಮದ್ದು. ಮೊದಲು ತಣ್ಣೀರಲ್ಲಿ ನೆನೆಸಿ, ಬಿಸಿ ನೀರು ಹಾಕಿದರೆ ರಕ್ತ ಬೆಂದು ನೂಲಿಗೆ ಅಂಟಿಬಿಡುತ್ತದೆ. ಒಂದು ಸಲ ಬಿಸಿಯಲ್ಲಿ ಒಗೆದು ಡ್ರೈಯರ್‌ಗೆ ಹಾಕಿಯೂ ಆಗಿದ್ದರೆ ಪೂರ್ತಿ ಹೋಗೋದು ಅನುಮಾನ. ತೊಳೆದ ಮೇಲೂ ಉಳಿದ ತಿಳಿ ಕಂದು ಗುರುತು ಬರೀ ಕಲೆ. ಆದರೆ ಆಟದ ಮಧ್ಯೆ ದೂರದಿಂದ ನೋಡುವ ರೆಫರಿಗೆ ಅದು ಗೊತ್ತಾಗಲ್ಲ, ಸೀಟಿ ಊದಿಬಿಡುತ್ತಾರೆ. ಶುಕ್ರವಾರ ಅದನ್ನೇ ಹಾಕಿಕೊಳ್ಳೋದಾದರೆ, ಆಟಕ್ಕೆ ಮುಂಚೆ ರೆಫರಿ ಕ್ಯಾಪ್ಟನ್‌ಗಳನ್ನು ಕರೆದು ಮಾತಾಡುತ್ತಾರಲ್ಲ, ಆ ಹೊತ್ತಿಗೆ ಕೋಚ್ ಅವಳನ್ನು ಕರೆದುಕೊಂಡು ಹೋಗಿ ಆ ಕಲೆ ತೋರಿಸಲಿ.